ಕೊಂಡಿಯಿಲ್ಲದ ಗಂಟು

ಇಳಕಲ್ಲಿನ ನೇಕಾರ ಮನೆತನದ ವಿಜಯಮಹಾಂತೇಶನಿಗೆ ನಾಲಿಗೆ ಸ್ವಲ್ಪ ಉದ್ದ. ಬಾಗಲಕೋಟೆಯ ಮೊಬೈಲ್ ಕಂಪನಿಯೊಂದರಲ್ಲಿ ಟವರುಗಳ ಸೆಟ್ಟಿಂಗ್ ಕಾಯುವುದು ಅವನ ಕೆಲಸ. ಫೋನಿನಲ್ಲಿ ಮಾತಾಡುತ್ತ ರಾಮಥಾಳದಿಂದ ಹುನಗುಂದಕ್ಕೆ ಬಸ್ಸಿನಲ್ಲಿ ಹೊರಟವರ ಕರೆಯನ್ನು ಒಂದು ಟವರು ಮುಂದಿನದರ ಕೈಗೆ ದಾಟಿಸಬೇಕು. ಅದಕ್ಕೆ ಪ್ರತಿ ಟವರಿಗೂ ತನ್ನ ನೆರೆಹೊರೆ ಗೊತ್ತಿರಬೇಕು.

ಹಳೆಯ ಡೇಟಾಬೇಸಿನಲ್ಲಿ ಟವರುಗಳದೊಂದು ಟೇಬಲ್, ನೆರೆಹೊರೆಯದೊಂದು ಟೇಬಲ್, ನಡುವೆ ಕೊಂಡಿ. ಇಲ್ಲದ ಟವರನ್ನು ನೆರೆಯದೆಂದು ಬರೆಯಹೋದರೆ ಅದು ಸುತಾರಾಂ ಒಪ್ಪುತ್ತಿರಲಿಲ್ಲ. ಆದರೆ ಹೊಸ ಯಂತ್ರ ಹೊಸ ಬಗೆಯ ಸೆಟ್ಟಿಂಗ್ ತಂದಾಗಲೆಲ್ಲ ಟೇಬಲ್ಲನ್ನೇ ಒಡೆದು ಕಟ್ಟಬೇಕಿತ್ತು. ವಿಜಯಮಹಾಂತೇಶ ರೋಸಿಹೋಗಿದ್ದ. ಟವರಿಗೊಂದು ಗಂಟು, ಅದರಲ್ಲಿ ಏನು ಬೇಕಾದರೂ ತುಂಬು ಎನ್ನುವ ಹೊಸ ನಮೂನೆಯ ಡೇಟಾಬೇಸೇ ಬೇಕೆಂದು ಹಟ ಹಿಡಿದ.

ಸಭೆಯಲ್ಲಿ ಹಿರಿಯ ಸಹೋದ್ಯೋಗಿ ಮಹೇಶ್ವರಿ ಒಪ್ಪಲಿಲ್ಲ. "ಸೆಟ್ಟಿಂಗ್ ಬೇಕಾದ್ರ ಗಂಟಿನಾಗ ಇಡ್ರಿ. ನೆರೆಹೊರೆ ಮಾತ್ರ ಟೇಬಲ್ಲಿನಾಗ ಇರ್ಲಿ. ತಪ್ಪು ಬರದ್ರ ತಕರಾರು ಮಾಡೋದೊಂದು ಬೇಕಲ್ರಿ."

"ಮೇಡಮ್ಮಾರು ಇನ್ನೂ ಕೈಮಗ್ಗದ ಕಾಲದಾಗ ಅದಾರ," ಎಂದುಬಿಟ್ಟ. ಸಭೆಯೆಲ್ಲ ನಕ್ಕಿತು. ಮಗ್ಗದ ಅನ್ನ ಉಂಡವನ ಬಾಯಲ್ಲಿ ಈ ಮಾತು! ಸೀರೆಯ ಸೆರಗಿನ ಹಾಸುನೂಲಿಗೂ ಒಡಲಿನ ಹಾಸುನೂಲಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಲೇ ಅವನವ್ವ ಚಂದ್ರವ್ವ ಕಣ್ಣು ಸವೆಸಿದ್ದಳು.

ಕಡೆಗೆ ಗಂಟುಗಳೇ ಬಂದವು. ಕೆಲ ತಿಂಗಳ ಮೇಲೆ ಹುನಗುಂದದ ಟವರು ಬದಲಾಗಿ ಅದಕ್ಕೆ ಹೊಸ ಹೆಸರು ಬಂತು. ಅವನು ಅದರ ಗಂಟಿನಲ್ಲಿ ಮಾತ್ರ ತಿದ್ದಿದ. ರಾಮಥಾಳದ ಗಂಟಿನಲ್ಲಿ ನೆರೆಯ ಟವರೆಂದು ಹಳೆಯ ಹೆಸರೇ ಉಳಿಯಿತು. ಡೇಟಾಬೇಸ್ ಚಕಾರ ಎತ್ತಲಿಲ್ಲ. ದಾರಿಯಲ್ಲಿ ಜನರ ಕರೆಗಳು ಕಡಿಯತೊಡಗಿದವು.

ದೂರು ಬಂದಾಗ ಎಲ್ಲರ ಕಣ್ಣು ಆಂಟೆನಾ ಕೂಡಿಸಿದ ಗುತ್ತಿಗೆ ಕೆಲಸಗಾರ ಚಾಂದಸಾಬನ ಮೇಲೆ. ಅವನು ಬಿಸಿಲಲ್ಲಿ ಟವರು ಹತ್ತಿ ನೋಡಿ, "ಎಲ್ಲಾ ಬರೋಬ್ಬರಿ ಐತ್ರಿ" ಎಂದು ಫೋನ್ ಮಾಡಿದ. "ಮತ್ತೊಮ್ಮೆ ಹತ್ತು" ಎಂದರು ಮೇಲಿನವರು. ಆ ಹೊತ್ತಿಗೇ ವಿಜಯಮಹಾಂತೇಶನಿಗೆ ಹಳೆಯ ಹೆಸರು ಕಣ್ಣಿಗೆ ಬಿತ್ತು. ಹೇಳಿದ್ದರೆ ಚಾಂದಸಾಬ ನೆಲದಲ್ಲೇ ಉಳಿಯುತ್ತಿದ್ದ. ಆದರೆ ಪಕ್ಕದ ಮೇಜಿನಲ್ಲಿ ಮಹೇಶ್ವರಿ ಕೂತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೆದರಿ, ಗುಟ್ಟಾಗಿ ತಿದ್ದಿ ಸುಮ್ಮನಾದ. ಚಾಂದಸಾಬ ಮತ್ತೆ ಹತ್ತಿ ಇಳಿದ ಮೇಲಷ್ಟೇ, ಇಲ್ಲಿಂದಲೇ ಸರಿ ಮಾಡಿದೆ ಎಂದು ಮೇಲಿನವರಿಗೆ ತಿಳಿಸಿದ.

ಮರುದಿನ ಚಾಂದಸಾಬ ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ಬಂದ. "ನಂದ ತಪ್ಪಂತ ಕೆಲ್ಸಾ ಬಿಡಸೋರಿದ್ರು. ನೀವು ಕುಂತಲ್ಲೇ ಸರಿ ಮಾಡಿದ್ರಂತ. ನನ್ನ ಮರ್ಯಾದಿ ಉಳಿಸಿದ್ರಿ ಸಾಹೇಬ್ರ."

ಬಾಯಿಗೆ ಒಯ್ದಿದ್ದ ಚೂರನ್ನು ವಿಜಯಮಹಾಂತೇಶ ಡಬ್ಬಿಗೇ ಮರಳಿ ಇಟ್ಟ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಮಹೇಶ್ವರಿಗೂ ಕೇಳುವಂತೆ ಹೇಳಿದ: "ತಪ್ಪು ನಂದೈತಿ, ಚಾಂದಸಾಬ. ಮೇಡಮ್ಮಾರ ಮಾತು ಕೇಳಿದ್ರ ಹಿಂಗ ಆಗ್ತಿರ್ಲಿಲ್ಲ. ನಿನ್ನೆನ ನನಗ ಗೊತ್ತಾಗಿತ್ತು."

ಮಹೇಶ್ವರಿ ತಲೆ ಎತ್ತಿದರು. ಕಾದ ಕಬ್ಬಿಣ ಹಿಡಿದು ಬೊಬ್ಬೆ ಎದ್ದ ಅಂಗೈಯನ್ನು ಚಾಂದಸಾಬ ನೋಡಿಕೊಂಡ.

"ನಾ ಎರಡನೇ ಸಲ ಹತ್ತೂಕಿಂತ ಮೊದಲೇನ್ರಿ, ಆಮ್ಯಾಲೇನ್ರಿ?"

"ಮೊದಲ."

ಚಾಂದಸಾಬ ಬೈಯಲಿಲ್ಲ. ಡಬ್ಬಿಯನ್ನೂ ವಾಪಸ್ ಒಯ್ಯಲಿಲ್ಲ. "ತಿನ್ರಿ ಸಾಹೇಬ್ರ," ಎಂದು ಮೆಟ್ಟಿಲಿಳಿದು ಹೋದ.