ಅರಸಿನಕ್ಕೆ ಸುಣ್ಣ ತಾಗಿದ ಬೆಳಿಗ್ಗೆ

ನಾನು ನಿಂತದ್ದು ಸಿದ್ಧಕಟ್ಟೆಯ ನಮ್ಮ ಮನೆಯ ಅಡಿಗೆಕೋಣೆಯ ಹೊಸ್ತಿಲ ಹೊರಗೆ, ಎಡಗೈ ಬಾಗಿಲ ಚೌಕಟ್ಟಿನ ಮೇಲೆ. ಎಪ್ಪತ್ತೊಂಬತ್ತರ ಫೆಬ್ರವರಿಯ ಒಂದು ಸೋಮವಾರ, ತೀರಿಕೊಂಡ ಅಣ್ಣನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮರುದಿನ, ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ. ಗಂಟೆ ನೆನಪಿರುವುದಕ್ಕೆ ಕಾರಣ ಉಂಟು: ಟೀಚರಾಗಿದ್ದ ಅತ್ತಿಗೆ ಶಾಲೆಗೆ ಹೋಗುವ ಬಸ್ಸು ಎಂಟೂಕಾಲಿಗೆ.

ಇಂದು ಅಂಗಿಯ ಮೇಲೆ ಸಾರು ಚೆಲ್ಲಿಕೊಳ್ಳದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಅರಸಿನದ ಕಲೆ ಸಾಬೂನು ತಾಗಿದೊಡನೆ ಕೆಂಪಾಗುವುದು ನಿಮಗೂ ಗೊತ್ತು. ಬಚ್ಚಲಲ್ಲಿ ಅದನ್ನೇ ನೋಡುತ್ತ ನಿಂತ ಮುದುಕನನ್ನು ಕಂಡು ಹೆಂಡತಿ, "ಎಂತ ಮಾರಾಯ್ರೆ, ಅಂಗಿಗೆ ಪೂಜೆಯಾ?" ಎಂದಳು.

ನಮ್ಮಲ್ಲಿ ಹಣೆ ನೋಡಿ ಮನುಷ್ಯರನ್ನು ಓದುತ್ತಿದ್ದರು. ಉದ್ದ ನಾಮ ಕಂಡರೆ ಭಟ್ಟರು. ಗಂಧ ಇನ್ನೂ ಹಸಿಯಾಗಿದ್ದರೆ ಪೊಳಲಿ ದೇವಸ್ಥಾನಕ್ಕೆ ಹೋಗಿ ಬಂದವರು. ಖಾಲಿ ಹಣೆ ಎಂದರೆ ನನಗೆ ಅಮ್ಮ. ನನ್ನ ಮೂರನೆಯ ವರ್ಷದಲ್ಲಿ ಅಪ್ಪ ತೀರಿಕೊಂಡರು. ಅವಳ ಮುಖವೇ ಹಾಗೆ ಎಂದು ಬಹುಕಾಲ ತಿಳಿದಿದ್ದೆ.

ಬೊಜ್ಜದ ಸಂಜೆ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅತ್ತಿಗೆಯ ಕುಂಕುಮದ ಭರಣಿಯನ್ನು ನನ್ನ ಕೈಗಿಟ್ಟು, "ತೋಡಿನ ನೀರಿಗೆ ಎಸೆದು ಬಾ" ಎಂದರು. ಇಪ್ಪತ್ತೆರಡು ವರ್ಷದ, ಕಾಲೇಜು ಓದಿದ, ಭಾಷಣ ಸ್ಪರ್ಧೆಗಳಲ್ಲಿ ಸಮಾನತೆಯ ಬಗ್ಗೆ ಗುಡುಗಿ ಲೋಟ ಗೆದ್ದಿದ್ದ ನಾನು ಎಸೆದು ಬಂದೆ. ಕೈಯನ್ನೂ ತೊಳೆದುಕೊಂಡೆ.

ಬೆಳಿಗ್ಗೆ ಅತ್ತಿಗೆ ಸೀರೆಯುಟ್ಟು, ಚೀಲ ಹೆಗಲಿಗೆ ಹಾಕಿ ಬಂದರು. "ಭರಣಿ ಎಲ್ಲಿ?"

ನಾನು ಚೌಕಟ್ಟನ್ನು ನೋಡಿದೆ.

"ಇನ್ನು ಅದು ಎಂತಕ್ಕೆ ಲಲಿತಾ? ಊರಿನವರಿಗೆ ನಗಲಿಕ್ಕಾ?" ಎಂದರು ದೊಡ್ಡಮ್ಮ.

"ಅವರು ಕಟ್ಟಿದ್ದು ಕರಿಮಣಿ. ಅದನ್ನು ಬಿಚ್ಚಿ ಕೊಟ್ಟಿದ್ದೇನೆ ದೊಡ್ಡಮ್ಮ. ಬೊಟ್ಟು ನನಗೆ ತೊಟ್ಟಿಲಲ್ಲೇ ಇಟ್ಟದ್ದು, ನನ್ನ ಅಮ್ಮ."

ಮನೆಯ ಮಾತು ತುಳು. ಕನ್ನಡಕ್ಕೆ ತರುವಾಗ ನಾನು ಒಂದು ಮಾತೂ ಸೇರಿಸಿಲ್ಲ.

ಅತ್ತಿಗೆ ಚಿಟಿಕೆ ಅರಸಿನ ಅಂಗೈಗೆ ಹಾಕಿಕೊಂಡು, ಮೂಲೆಯಲ್ಲಿ ವೀಳ್ಯ ಮೆಲ್ಲುತ್ತಿದ್ದ ಅಮ್ಮನ ಮುಂದೆ ಕುಳಿತರು. "ಅತ್ತೆ, ಸ್ವಲ್ಪ ಸುಣ್ಣ ಕೊಡ್ತೀರಾ?"

"ಕೊಟ್ಟರೆ ನೋಡು!" ಎಂದರು ದೊಡ್ಡಮ್ಮ. ಅವರ ಹಣೆಯಲ್ಲಿ ನಾಲ್ಕಾಣೆ ಅಗಲದ ಕುಂಕುಮ.

ಅಮ್ಮನ ಬಾಯಿ ನಿಂತಿತು. ಅಕ್ಕನ ಮಾತನ್ನು ಅವಳು ಮೀರಿದ್ದನ್ನು ನಾನು ಕಂಡಿರಲಿಲ್ಲ. ಸುಣ್ಣದ ಡಬ್ಬಿ ತೆರೆದಳು. ತನ್ನ ಬೆರಳಲ್ಲೇ ಸುಣ್ಣ ತೆಗೆದು ಸೊಸೆಯ ಅಂಗೈಯಲ್ಲಿ ತಿಕ್ಕಿದಳು. ಹಳದಿ ಕೆಂಪಾಯಿತು. ಅದೇ ಬೆರಳಿನಿಂದ ಹಣೆಗೆ ಇಟ್ಟಳು.

"ಸೊಟ್ಟ ಆಯ್ತು ಮಗಾ. ನನಗೆ ಅಭ್ಯಾಸ ಹೋಗಿದೆ. ನಡಿ, ಬಸ್ ತಪ್ಪುತ್ತದೆ."

ಆ ಬೆರಳನ್ನು ಅಮ್ಮ ಮಧ್ಯಾಹ್ನದ ಊಟದವರೆಗೆ ತೊಳೆಯಲಿಲ್ಲ. ದೊಡ್ಡಮ್ಮ ಊಟಕ್ಕೆ ನಿಲ್ಲಲಿಲ್ಲ.

ಭರಣಿ ಎಸೆದವನು ನಾನೆಂದು ಇಷ್ಟು ವರ್ಷ ಹೇಳಿರಲಿಲ್ಲ. ಅಂಗಿ ಒಣಹಾಕಿ ಬಂಟ್ವಾಳದಲ್ಲಿರುವ ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. "ಗೊತ್ತುಂಟು ಮಾರಾಯ. ಅವತ್ತು ನೀನು ನನ್ನ ಮುಖವನ್ನೇ ನೋಡ್ಲಿಲ್ಲ" ಎಂದು ಅವರು ನಕ್ಕರು.

ಆಮೇಲೆ ಒಂದು ಹಾಳೆಯಲ್ಲಿ ಬರೆದೆ: ನಾನು ಸತ್ತರೆ ನನ್ನ ಹೆಂಡತಿಯ ಕುಂಕುಮದ ಡಬ್ಬಿಗೆ ಯಾರೂ ಕೈಹಾಕಬಾರದು. ಹೆಂಡತಿ ಓದಿ ತನ್ನ ಡಬ್ಬಿಯ ಅಡಿಯಲ್ಲಿ ಅದನ್ನು ಮಡಚಿಟ್ಟಳು. ಕೆಳಗೆ ಸಾಕ್ಷಿಯ ಸಹಿ ಬಾಕಿ ಉಂಟು. ಅಂದು ಆ ಕೋಣೆಯಲ್ಲಿದ್ದವರಲ್ಲಿ ಅಮ್ಮ ಇಲ್ಲ, ದೊಡ್ಡಮ್ಮ ಇಲ್ಲ. ಇರುವವರು ಲಲಿತತ್ತಿಗೆ. ನಾಳೆ ಬೆಳಗಿನ ಬಸ್ಸಿಗೆ ಹಾಳೆ ಹಿಡಿದು ಹೋಗುತ್ತೇನೆ.