ಮೂರು ಚಮಚ ತುಪ್ಪ, ಮೂರು ಚಮಚ ಜೇನು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕಳ್ಳರಿಗಿಂತ, ಹಾವಿಗಿಂತ ಹೆಚ್ಚು ಹೆದರುತ್ತಿದ್ದುದು ಊಟಕ್ಕೆ. ನಗಬೇಡಿ ಮಕ್ಕಳೇ, ನಿಜ. ಹಲಸಿನ ಹಣ್ಣು ತಿಂದ ದಿನ ಹಾಲು ಮುಟ್ಟುವಂತಿಲ್ಲ, ರಾತ್ರಿ ಮೊಸರು ಕೂಡದು, ಜೇನು ಬಿಸಿ ಮಾಡಬಾರದು. ಒಂದಕ್ಕೊಂದು ಆಗದ್ದನ್ನು ಬೆರೆಸಿ ತಿಂದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳಿದ ಮೇಲೆ ಮುಗಿಯಿತು.

ಆಗ ನಾವು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮ ಹೊಳೆಹೊನ್ನೂರಿನ ತವರಿಗೆ ಹೋಗಿದ್ದ ಒಂದು ಶ್ರಾವಣ ಸೋಮವಾರ, ಪೂಜೆಗೆ ಪಂಚಾಮೃತ ಕಲಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಎಂಟು ವರ್ಷ. ನನ್ನ ಜಂಬ ನೋಡಬೇಕಿತ್ತು! ಅಪ್ಪನಿಗೆ ಯಾವ ಅಳತೆಯೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗಬಾರದು, ನಾನು ಅವರ ಮಗಳು. ಹಾಲು, ಮೊಸರು, ಸಕ್ಕರೆ, ಏಲಕ್ಕಿ ಪುಡಿ ಹಾಕಿ, ಬಾಳೆಹಣ್ಣು ಹಿಸುಕಿ, ತುಪ್ಪ ಮೂರು ಚಮಚ, ಜೇನು ಮೂರು ಚಮಚ, ಅಂಚಿಗೆ ಸರಿಯಾಗಿ ಅಳೆದು ಸುರಿದೆ. ಏಲಕ್ಕಿಯ ಘಮ ಮನೆಯೆಲ್ಲ ತುಂಬಿತು. ಪೂಜೆಯಾದ ಮೇಲೆ ಅಜ್ಜಿ, ಅಕ್ಕ, ನಾನು ಅಂಗೈಯಲ್ಲಿ ಹಿಡಿದು ಕುಡಿದೆವು. ಅಪ್ಪ ಮಾತ್ರ ಒಂದು ಲೋಟ ತುಂಬ ಕುಡಿದು, ಮೀಸೆ ಒರೆಸಿಕೊಂಡು, ಸೈಕಲ್ ಹತ್ತಿ ಕೆಲಸಕ್ಕೆ ಹೋದರು.

ಪಾತ್ರೆ ತೊಳೆಯುತ್ತ ಅಕ್ಕ ಕೇಳಿದಳು, "ಜೇನು ಎಷ್ಟು ಹಾಕಿದ್ಯೇ?"

"ತುಪ್ಪದಷ್ಟೇ. ಮೂರು, ಮೂರು."

ಅಕ್ಕನ ಕೈಯಿಂದ ತಟ್ಟೆ ಜಾರಿತು. "ಅಯ್ಯೋ ಮಾರಾಯ್ತಿ! ಸಮ ಹಾಕಿದ್ಯಾ? ತುಪ್ಪ ಜೇನು ಸಮ ಆದ್ರೆ ವಿಷ ಅಂತ ಅಜ್ಜಿ ಬಡ್ಕೊಳ್ಳಲ್ವಾ!"

ಒಳಗೆ ಅಜ್ಜಿ ಉಪವಾಸದ ಆಯಾಸಕ್ಕೆ ಮಲಗಿದ್ದಳು. ಇದು ನಿದ್ದೆಯೋ, ಇನ್ನೇನೋ? ನಾವಿಬ್ಬರೂ ಬಾಗಿಲಲ್ಲಿ ನಿಂತು ಅವಳ ಎದೆಯ ಮೇಲಿನ ಸೆರಗನ್ನೇ ನೋಡಿದೆವು. ಏರಿತು, ಇಳಿಯಿತು. ಮತ್ತೆ ಏರಲು ಎಷ್ಟು ಹೊತ್ತು ಮಾಡಿತು ಗೊತ್ತೇ! ಅಪ್ಪನ ನೆನಪಾದದ್ದು ಆಗ. ಅಜ್ಜಿ ಕುಡಿದದ್ದು ಅಂಗೈಯಷ್ಟು, ಅಪ್ಪ ಕುಡಿದದ್ದು ಲೋಟ ತುಂಬ. ನನ್ನ ಕೈಯಾರೆ ಅಪ್ಪನನ್ನು ಕೊಂದೆ ಎಂದೇ ಅನಿಸಿತು.

ಅಷ್ಟು ಹೆದರಿಕೆಯಲ್ಲೂ ಒಂದು ಉಪಾಯ ಹೊಳೆಯಿತು. ಸಮವಾದರೆ ತಾನೇ ವಿಷ? ಇನ್ನೊಂದು ಚಮಚ ಜೇನು ಹೊಟ್ಟೆಗೆ ಹೋದರೆ ಸಮ ತಪ್ಪುತ್ತದಲ್ಲ! ಅಕ್ಕನ ಬಾಯಿಗೆ ಒಂದು ಚಮಚ ಹಾಕಿದೆ. ಅಜ್ಜಿಯ ತುಟಿಗೆ ಹಚ್ಚಿದೆ. ಅವಳು ನಿದ್ದೆಯಲ್ಲೇ ಚಪ್ಪರಿಸಿ ಮಗ್ಗುಲಾದಳು. ಆಮೇಲೆ ಜೇನಿನ ಬಾಟಲಿಯನ್ನು ಎದೆಗವಚಿಕೊಂಡು ಕಾರ್ಖಾನೆಗೆ ಓಡಿದೆ.

ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು, ಅಲ್ಲೇ ಬಿಟ್ಟೆ. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಸೈರನ್ ಕೂಗಿತು. ದಿನವೂ ಕೂಗುವ ಸೈರನ್ನೇ. ಅವತ್ತು ಮಾತ್ರ ಅಪ್ಪ ಬಿದ್ದದ್ದಕ್ಕೇ ಕೂಗುತ್ತಿದೆ ಎನಿಸಿ ಗಟ್ಟಿಯಾಗಿ ಅತ್ತುಬಿಟ್ಟೆ.

"ಏನ್ ಪಾಪಾ, ಯಾಕ್ ಅಳ್ತೀಯಾ?" ಎಂದರು ಗೇಟಿನ ಕಾವಲುಗಾರ.

"ನಮ್ಮಪ್ಪ ಬದುಕಿದಾರಾ?" ಎಂದೆ.

ಅವರೇ ಗಾಬರಿಯಾಗಿ ಒಳಗೆ ಹೇಳಿ ಕಳಿಸಿದರು. ಆ ಹತ್ತು ನಿಮಿಷ ಗೇಟಿನ ಕಂಬಿ ಹಿಡಿದು ನಿಂತೇ ಇದ್ದೆ. ಯಾರು ಯಾರೋ ಹೊರಗೆ ಬಂದರು, ಅಪ್ಪ ಬರಲಿಲ್ಲ.

ಕೊನೆಗೆ ಬಂದರು, ಎಣ್ಣೆ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತ. "ಮೊದ್ಲು ಇದನ್ನ ತಿನ್ನಿ, ಆಮೇಲೆ ಹೇಳ್ತೀನಿ" ಎಂದು ಬಾಟಲಿ ಹಿಡಿದೆ. ಅವರು ಏನೂ ಕೇಳದೆ ಬಾಯಿಗೆ ಸುರಿದುಕೊಂಡರು. ಬಿಕ್ಕುತ್ತ ಎಲ್ಲ ಹೇಳಿದೆ. ಅಪ್ಪ ಹೊಟ್ಟೆ ಹಿಡಿದು ನಕ್ಕರು.

"ಹುಚ್ಚಿ! ಹಾಗೆಲ್ಲ ಏನೂ ಆಗಲ್ಲ ಕಣೇ. ಗುಂಡುಕಲ್ಲಿನ ಹಾಗೆ ಇದೀನಿ ನೋಡು. ಅಲ್ಲಾ, ಎಲ್ರಿಗೂ ತಿನ್ನಿಸಿದ್ಯಲ್ಲ, ನೀನು ತಿಂದ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ನನಗೆ ಅದು ಹೊಳೆದೇ ಇರಲಿಲ್ಲ. ಅಪ್ಪನ ನಗು ನಿಂತುಹೋಯಿತು. ಏನೂ ಆಗಲ್ಲ ಎಂದವರೇ ಬಾಟಲಿಗೆ ಬೆರಳು ಅದ್ದಿ, ಎಣ್ಣೆ ವಾಸನೆಯ ಆ ಬೆರಳನ್ನು ನನ್ನ ಬಾಯಿಗಿಟ್ಟು, "ನುಂಗು, ಬೇಗ ನುಂಗು" ಎಂದರು.

ಅಜ್ಜಿಯ ಮಾತಿನಲ್ಲಿ ಎಷ್ಟು ನಿಜವಿತ್ತೋ, ನನಗೆ ಈಗಲೂ ಗೊತ್ತಿಲ್ಲ. ನಮಗೆ ಹೆದರಿಕೆ ಅಜ್ಜಿಯ ಬಾಯಿಂದ ಬರುತ್ತಿತ್ತು, ನಿಮಗೆ ಫೋನಿನಿಂದ ಬರುತ್ತದೆ. ಮೊನ್ನೆ ದುರ್ಗಿಗುಡಿಯ ಈ ಮನೆಯಲ್ಲಿ ನನ್ನ ಮೊಮ್ಮಗಳು ತಮ್ಮನಿಗೆ ಕಲ್ಲಂಗಡಿ ತಿನ್ನಿಸಿ ಹಾಲು ಕುಡಿಸಿದಳು. ಆಮೇಲೆ ಫೋನಿನಲ್ಲಿ ಯಾರೋ ಅವೆರಡೂ ಸೇರಿದರೆ ವಿಷ ಎಂದರಂತೆ. ಇನ್ನೊಬ್ಬರು ಏನೂ ಆಗಲ್ಲ ಎಂದರು, ಮತ್ತೊಬ್ಬರು ಡಾಕ್ಟರ ಹತ್ತಿರ ಓಡಿ ಎಂದರು. ಮುಖ ಬಿಳುಚಿಕೊಂಡು ನನ್ನ ಹತ್ತಿರ ಬಂದಳು. ನಾನು ಫೋನ್ ಇಸಿದುಕೊಂಡು, "ಬಾರೇ, ಅವನ ಹತ್ರ ಕೂತ್ಕೊಳ್ಳೋಣ" ಎಂದೆ. ಹುಡುಗ ನೆಲದ ಮೇಲೆ ಚಿತ್ರ ಬರೆಯುತ್ತಿದ್ದ. ಅವಳು ಮತ್ತೆ ಮತ್ತೆ ಕೇಳಿದಳು, "ಹೊಟ್ಟೆ ನೋಯ್ತಿದ್ಯೇನೋ? ಸರಿಯಾಗಿ ಹೇಳೋ." ಹತ್ತನೇ ಸಲಕ್ಕೆ ಅವನು ತಲೆ ಎತ್ತಿ, "ಇಲ್ಲ ಕಣೇ, ಹಸಿವಾಗ್ತಿದೆ" ಎಂದ. ಅವಳು ಅವನನ್ನು ಅಪ್ಪಿಕೊಂಡು ಅಳತೊಡಗಿದಳು.