ಪೇಟಿಯ ಆಚೆ ಕೂತೆ

ಆ ಸೋಮವಾರವೂ ನಮ್ಮ ಯರಗುಪ್ಪಿಯ ಭಜನೆಯಲ್ಲಿ ನನ್ನ ಯಜಮಾನರು ಹಾರ್ಮೋನಿಯಂ ಪೇಟಿ ನುಡಿಸಿದರು. ಅವರ ಎಡಗೈ ಸ್ವಾಧೀನದಲ್ಲಿರಲಿಲ್ಲ. ಎದುರಿಗೆ ಕೂತು ಗಾಳಿ ಹಾಕುತ್ತಿದ್ದವಳು ನಾನು. ಮರುದಿನ ಅವರು ತೀರಿಕೊಂಡರು.

ಪೇಟಿ ನುಡಿಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಭಜನೆಯೇ ನಿಂತೀತೆಂದು ಅಂಜಿ, ಭಜನೆಯವರು ಕೇಳಿದಾಗ ನಾನೇ ಕಲಿಯಲು ಒಪ್ಪಿಕೊಂಡೆ. ಮೊದಲ ದಿನ ಪೇಟಿಯ ಮುಂದೆ ಕೂತು ಗಾಳಿ ಹಾಕಿದೆ. ಸ್ವರವೇ ಬರಲಿಲ್ಲ. ಮತ್ತೆ ಹಾಕಿದೆ.

ತಬಲಾದ ಕಾಕಾ ಮೆಲ್ಲಗೆ ಅಂದರು: "ಅಕ್ಕಾರ, ಪೇಟಿ ತಾನ ಹಾಡ್ತೈತೇನ್ರಿ? ನೀವು ಗಾಳಿ ಹಾಕೋ ಬಾಜು ಕುಂತೀರಿ. ನುಡಿಸಾಕ ಈ ಕಡಿ ಬರ್ರಿ."

ಎದ್ದು ಯಜಮಾನರ ಜಾಗದಲ್ಲಿ ಕೂತೆ. ಕಣ್ಣು ಮಂಜಾಯಿತು.

ಈಗ ಒಂದು ಭಜನೆಯ ಪದವನ್ನು ಹೇಗೋ ನುಡಿಸುತ್ತೇನೆ. ಅವರು ನುಡಿಸುವಾಗ ನಡುನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನಾನು ತಲೆಯೆತ್ತಿದರೆ ಎದುರಿಗೆ ಯಾರೂ ಇಲ್ಲ.